ಕಾರ್ಡ್ ಬೇಡದ ಕಂಪ್ಯೂಟರು

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಎಷ್ಟೋ ಮನೆಗಳ ಹಾಲ್‌ನಲ್ಲಿ ಇನ್ನೂ ಓಡುತ್ತಿರುವ ನಾಲ್ಕನೇ, ಆರನೇ ಜನರೇಶನ್ನಿನ ಐ3 ಯಂತ್ರಗಳು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಹೀಗಾಗಿ ಈಗ ಜನ ಮತ್ತೆ ಬಡಾವಣೆಯ ಸರ್ವೀಸ್ ಅಂಗಡಿಗೋ ಎಸ್.ಪಿ. ರಸ್ತೆಗೋ ಹೋಗಿ ಕೊಟೇಶನ್ ಬರೆಸುತ್ತಿದ್ದಾರೆ. ಮಗಳ ಪಿಯು ಪಾಠ, ಮಗನ ಆಟ, ಅಪ್ಪನ ಜಿಎಸ್‌ಟಿ ಲೆಕ್ಕ, ಕೆಎಎಸ್‌ಗೆ ಓದುತ್ತಿರುವ ತಮ್ಮನ ವಿಡಿಯೊ ತರಗತಿ ಎಲ್ಲವೂ ಒಂದೇ ಯಂತ್ರದಲ್ಲಿ ಆಗಬೇಕು. ಅಂಗಡಿಯವರು ಕೇಳುತ್ತಾರೆ: "ಗ್ರಾಫಿಕ್ಸ್ ಕಾರ್ಡ್ ಹಾಕೋದಾ ಸಾರ್?"

ಇಂಥ ಮನೆಗೆ ಕಾರ್ಡ್ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಗ್ರಾಫಿಕ್ಸನ್ನು ಒಡಲಲ್ಲೇ ಇಟ್ಟುಕೊಂಡ ಅಗ್ಗದ ಪ್ರೊಸೆಸರುಗಳು ಕಳೆದ ಏಳೆಂಟು ವರ್ಷಗಳಲ್ಲಿ ಅಷ್ಟು ಬೆಳೆದಿವೆ. ಚಿಪ್ ಒಳ್ಳೆಯದೇ. ಅದನ್ನು ಜೋಡಿಸಿ ಮಾರುವ ನಮ್ಮ ರೂಢಿ ಅದಕ್ಕೆ ನ್ಯಾಯ ಒದಗಿಸುತ್ತಿಲ್ಲ.

ಎಎಂಡಿಯ ರೈಜನ್ 5 5600ಜಿ ನೋಡಿ. 2021ರಲ್ಲಿ 259 ಡಾಲರಿಗೆ ಬಂದದ್ದು, ಆಮೇಲೆ ಬೆಲೆ ಇಳಿಯುತ್ತಾ ಮಧ್ಯಮ ವರ್ಗದ ಕೈಗೆಟುಕಿತು. ಆರು ಕೋರ್, ಹನ್ನೆರಡು ಥ್ರೆಡ್, ಒಳಗೇ ವೇಗಾ ಗ್ರಾಫಿಕ್ಸ್. ಇಷ್ಟಕ್ಕೂ 65 ವಾಟ್ ಮಟ್ಟದ ಚಿಪ್ ಅದು. ಕೂಲರ್ ಡಬ್ಬಿಯಲ್ಲೇ ಬರುತ್ತದೆ. ಪ್ರತ್ಯೇಕ ಕಾರ್ಡ್ ಇಲ್ಲವಾದ್ದರಿಂದ ಸಾಧಾರಣ ಎಸ್‌ಎಂಪಿಎಸ್ ಸಾಕು, ಕ್ಯಾಬಿನೆಟ್ ಚಿಕ್ಕದಾಗಬಹುದು, ಕರೆಂಟ್ ಹೋದಾಗ ಮನೆಯ ಸಣ್ಣ ಯುಪಿಎಸ್ ಅದನ್ನು ನಿಭಾಯಿಸುತ್ತದೆ. ಇಪ್ಪತ್ತು-ಮೂವತ್ತರ ಸೈಟಿನ ಮನೆಯಲ್ಲಿ ಮೇಜಿನ ಮೂಲೆಯೂ ಬೆಲೆಬಾಳುವ ಜಾಗವೇ. ಇದರಲ್ಲಿ ವ್ಯಾಲರಂಟ್, ಮೈನ್‌ಕ್ರಾಫ್ಟ್‌ನಂಥ ಆಟಗಳನ್ನು ಸೆಟ್ಟಿಂಗ್ ತುಸು ತಗ್ಗಿಸಿ ನೆಮ್ಮದಿಯಾಗಿ ಆಡಬಹುದು. ಮದುವೆ ಪತ್ರಿಕೆ ಮಾಡುವ ಡಿಟಿಪಿ ಅಂಗಡಿಯ ನುಡಿ, ಕೋರಲ್‌ಡ್ರಾ ಕೆಲಸಕ್ಕಂತೂ ಇದು ಬೇಕಾದ್ದಕ್ಕಿಂತ ಹೆಚ್ಚು.

ಆದರೆ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮರಿ ಇಲ್ಲ. ಪ್ರೊಸೆಸರ್ ಬಳಸುವ ರ‍್ಯಾಮನ್ನೇ ಅದೂ ಬಳಸಬೇಕು. 3200 ವೇಗದ ಡಿಡಿಆರ್4 ರ‍್ಯಾಮ್ ಒಂದೇ ಸ್ಟಿಕ್ ಇದ್ದರೆ ಸೆಕೆಂಡಿಗೆ ಗರಿಷ್ಠ 25.6 ಗಿಗಾಬೈಟ್ ಸಾಗಿಸಬಲ್ಲದು. ಎರಡು ಸ್ಟಿಕ್‌ಗಳನ್ನು ಎರಡು ಚಾನೆಲ್ಲಿಗೆ ಹಾಕಿದರೆ 51.2. ಒಂದೇ ಸ್ಟಿಕ್ ಹಾಕುವುದೆಂದರೆ ಬೀದಿಯ ಒಂದೇ ನಲ್ಲಿಗೆ ಎರಡು ಮನೆಯವರು ಕೊಡ ಹಿಡಿದು ನಿಂತ ಹಾಗೆ. ಕೋರ್‌ಗಳಿಗೂ ಸಾಲದು, ಗ್ರಾಫಿಕ್ಸ್‌ಗೂ ಸಾಲದು, ಆಟದ ವೇಗ ಕಣ್ಣಿಗೆ ಕಾಣುವಂತೆ ಕುಸಿಯುತ್ತದೆ. ಹೀಗಿದ್ದೂ ಕೊಟೇಶನ್ನಿನಲ್ಲಿ ಬರುವ ಸಾಲು "8 ಜಿಬಿ ರ‍್ಯಾಮ್" ಅಥವಾ "16 ಜಿಬಿ ರ‍್ಯಾಮ್" ಎಂದಷ್ಟೇ. ಎಷ್ಟು ಸ್ಟಿಕ್ ಎಂದು ಯಾರೂ ಬರೆಯುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ. "ಒಂದು ಸ್ಲಾಟ್ ಖಾಲಿ ಇರಲಿ ಸಾರ್, ಮುಂದೆ ಹಾಕ್ಕೋಬಹುದು" ಎಂಬ ಮಾತು ಕೇಳಲು ಹಿತವಾಗಿರುತ್ತದೆ. ಆ "ಮುಂದೆ" ಬಹುತೇಕ ಮನೆಗಳಲ್ಲಿ ಬರುವುದೇ ಇಲ್ಲ. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳ ಹಸಿವಿಗೆ ಮೆಮರಿ ಬೆಲೆ ಏರಿರುವುದರಿಂದ ಅದು ಇನ್ನಷ್ಟು ದೂರ ಹೋಗಿದೆ.

ಇನ್ನೊಂದು ವಿಷಯವನ್ನೂ ಅಂಗಡಿಯವರು ಮೊದಲೇ ಹೇಳಬೇಕು. ಗ್ರಾಫಿಕ್ಸ್ ತನ್ನ ಪಾಲನ್ನು ಕಾದಿರಿಸಿಕೊಳ್ಳುವುದರಿಂದ 8 ಜಿಬಿ ಹಾಕಿದ ಯಂತ್ರ ಅದಕ್ಕಿಂತ ಕಡಿಮೆ ತೋರಿಸುತ್ತದೆ. ಇದು ಮೋಸವಲ್ಲ. ಆದರೆ ಗೊತ್ತಿಲ್ಲದ ಗಿರಾಕಿಗೆ ಮೋಸ ಹೋದಂತೆಯೇ ಅನಿಸುತ್ತದೆ.

ಇಂಟೆಲ್ ಕಡೆ 2022ರ ಜನವರಿಯಲ್ಲಿ ಬಂದ ಕೋರ್ ಐ3-12100 ನಾಲ್ಕು ಕೋರ್, ಎಂಟು ಥ್ರೆಡ್‌ನ ಅಚ್ಚುಕಟ್ಟಾದ ಚಿಪ್. ಆಟಕ್ಕೆ ಅದರ ಯುಎಚ್‌ಡಿ 730 ಗ್ರಾಫಿಕ್ಸ್ ವೇಗಾದ ಹತ್ತಿರಕ್ಕೂ ಬರುವುದಿಲ್ಲ. ಓದಿನ ಮನೆಗೆ ಮಾತ್ರ ಅದೇ ಮೇಲು. ಯೂಟ್ಯೂಬ್ ಈಗ ಹೆಚ್ಚೆಚ್ಚು ಬಳಸುವ ಎವಿ1 ವಿಡಿಯೊವನ್ನು ಬಿಡಿಸುವ ಹಾರ್ಡ್‌ವೇರ್ ಅದರೊಳಗಿದೆ, 5600ಜಿಯಲ್ಲಿ ಇಲ್ಲ. ಇಲ್ಲದ ಕಡೆ ಆ ಹೊರೆ ಕೋರ್‌ಗಳ ಮೇಲೆ ಬೀಳುತ್ತದೆ. ದಿನಕ್ಕೆ ಆರು ಗಂಟೆ ವಿಡಿಯೊ ಪಾಠ ನೋಡುವ ವಿದ್ಯಾರ್ಥಿಗೆ ಇದು ಸಣ್ಣ ವಿಷಯವಲ್ಲ.

ಅದೇ ಹೆಸರಿನ ಕೊನೆಗೆ 'ಎಫ್' ಅಂಟಿಕೊಂಡರೆ ಕಥೆ ಬೇರೆ. 12100ಎಫ್‌ನಲ್ಲಿ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಹಾಕದೆ ಡಿಸ್‌ಪ್ಲೇ ಬರುವುದಿಲ್ಲ. ಚಿಪ್ ಕೊಂಚ ಅಗ್ಗ, ಜೊತೆಗೆ ಜಿಟಿ 710ರಂಥ ಹಳೆಯ ಕಾರ್ಡ್ ಸೇರಿಸಿ "ಗ್ರಾಫಿಕ್ಸ್ ಕಾರ್ಡ್ ಸಮೇತ" ಎಂದು ಮಾರುವುದನ್ನು ನಾನು ಕೆಟ್ಟ ರೂಢಿ ಎಂದೇ ಕರೆಯುತ್ತೇನೆ. ಡಿಡಿಆರ್3 ಮೆಮರಿಯ ಜಿಟಿ 710 ಸೆಕೆಂಡಿಗೆ 14.4 ಗಿಗಾಬೈಟ್ ದಾಟುವುದಿಲ್ಲ. ಅದರ ಕೆಪ್ಲರ್ ಪೀಳಿಗೆಗೆ ಆಟಗಳಿಗಾಗಿ ಹೊಸ ಡ್ರೈವರ್ ಕೊಡುವುದನ್ನು ಎನ್ವಿಡಿಯ 2021ರಲ್ಲೇ ನಿಲ್ಲಿಸಿತು. ಕಾರ್ಡ್ ಇದೆ ಎಂಬ ಹೆಮ್ಮೆಗೆ ದುಡ್ಡು ಕೊಟ್ಟು, 5600ಜಿ ಒಳಗೇ ಇರುವುದಕ್ಕಿಂತ ಕಡಿಮೆಯದನ್ನು ಮನೆಗೆ ತಂದಂತಾಗುತ್ತದೆ.

ಕೈಯಗಲದ ಪೆಟ್ಟಿಗೆಗಳಲ್ಲಿ ಬರುವ ಇಂಟೆಲ್ ಎನ್100 ಬಗ್ಗೆಯೂ ಜನ ಕೇಳುತ್ತಾರೆ. ಆರು ವಾಟ್‌ನ ಚಿಪ್, ವಿಡಿಯೊಗೆ, ಟೈಪಿಂಗ್‌ಗೆ ಚೆನ್ನ. ಮೆಮರಿ ಚಾನೆಲ್ ಒಂದೇ, ಚಿಪ್ ಬೋರ್ಡಿಗೇ ಬೆಸೆದಿರುತ್ತದೆ. ಹಿರಿಯರ ಕೋಣೆಗೆ ಸಾಕು, ಐದಾರು ವರ್ಷ ಓದುವ ಮಗುವಿಗೆ ನಾನು ಹೇಳುವುದಿಲ್ಲ.

ದೂರಬೇಕಾದ್ದು ಅಂಗಡಿಗಳನ್ನು ಮಾತ್ರವಲ್ಲ. 2019ರಲ್ಲಿ ಎಎಂಡಿ 99 ಡಾಲರಿಗೆ ರೈಜನ್ 3 3200ಜಿ ಕೊಟ್ಟಿತು. ಬಡವರ ಗೇಮಿಂಗ್ ಪಿಸಿ ಎಂದರೆ ಅದೇ ಎನ್ನುವಷ್ಟು ಮನೆಗಳಿಗೆ ಹೋಯಿತು. ಆಮೇಲೆ ನಾಲ್ಕು ಕೋರಿನ ಚಿಪ್ 5300ಜಿ ಬಂದಾಗ ಅದನ್ನು ದೊಡ್ಡ ಕಂಪ್ಯೂಟರ್ ತಯಾರಕರಿಗಷ್ಟೇ ಕೊಟ್ಟರು, ಬಿಡಿಯಾಗಿ ಮಾರಲಿಲ್ಲ. 2024ರ 8300ಜಿಗೂ ಅದೇ ಗತಿ. ಬಿಡಿಯಾಗಿ ಸಿಗುವ 8600ಜಿಯ ಗ್ರಾಫಿಕ್ಸ್ ಅದ್ಭುತ, ಎವಿ1 ಕೂಡ ಇದೆ, ಆದರೆ ಹೊಸ ಎಎಂ5 ಬೋರ್ಡು, ಡಿಡಿಆರ್5 ರ‍್ಯಾಮ್ ಕಡ್ಡಾಯ. ಬಜೆಟ್ ಅಲ್ಲಿಗೇ ಮುರಿಯುತ್ತದೆ. ಎಎಂಡಿ ಜಗತ್ತಿನಲ್ಲೇ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದು ಇದೇ ಬೆಂಗಳೂರಿನಲ್ಲಿ. 2008ರಷ್ಟು ಹಿಂದೆಯೇ ಇಂಟೆಲ್‌ನ ಆರು ಕೋರಿನ ಜಿಯಾನ್ ಪ್ರೊಸೆಸರ್ ವಿನ್ಯಾಸಗೊಂಡದ್ದೂ ಇಲ್ಲೇ. ಇಷ್ಟು ಪ್ರತಿಭೆ ಇರುವ ಊರಿನ ಕೆಂಗೇರಿಯ ಮನೆಯೊಂದು ಅಗ್ಗದ ಹೊಸ ಚಿಪ್ ಬಿಡಿಯಾಗಿ ಸಿಗದೆ ಹಳೆಯ ಸ್ಟಾಕ್ ಹುಡುಕಬೇಕಾಗಿರುವುದು ನನಗೆ ನಿಜವಾಗಿ ನೋವಿನ ಸಂಗತಿ.

ಓದು, ಕಚೇರಿ ಕೆಲಸ, ವಿಡಿಯೊ ಮುಖ್ಯವಾದರೆ ಎಫ್ ಇಲ್ಲದ 12100 ಕೊಳ್ಳಿ. ಮಕ್ಕಳ ಆಟವೂ ಸೇರಿದ್ದರೆ 5600ಜಿ, ಅಥವಾ 2024ರಲ್ಲಿ ಬಂದ ಅದರ ತಮ್ಮ 5600ಜಿಟಿ. ಯಾವುದನ್ನೇ ಕೊಳ್ಳಿ, ದುಡ್ಡು ಕೊಡುವ ಮೊದಲು ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ಓದಿ, ರ‍್ಯಾಮ್ ಸಾಲಿನ ಎದುರು "8 ಜಿಬಿಯ 2 ಸ್ಟಿಕ್" ಎಂದು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ.