ನೇರಳೆ ಮಾರ್ಗದ ಆ ಇಳಿಜಾರು

ನಮ್ಮ ಮೆಟ್ರೋದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಎಂ.ಜಿ. ರಸ್ತೆಗೂ ಕಬ್ಬನ್ ಪಾರ್ಕಿಗೂ ನಡುವಿನದು. ಇಂದಿರಾನಗರದಿಂದ ಮರಗಳ ನೆತ್ತಿ ನೋಡುತ್ತ ಬಂದ ನೇರಳೆ ಮಾರ್ಗದ ರೈಲು ಇಲ್ಲಿ ಮೆಲ್ಲಗೆ ಇಳಿದು ಸುರಂಗ ಸೇರುತ್ತದೆ. ವಿಧಾನಸೌಧ, ಮೆಜೆಸ್ಟಿಕ್ ಎಲ್ಲ ನೆಲದಡಿಯಲ್ಲೇ ಕಳೆದು, ಮಾಗಡಿ ರಸ್ತೆಯ ಹೊತ್ತಿಗೆ ಮತ್ತೆ ಬಿಸಿಲು. ಹಳಿಗಳ ಮೇಲೆ ತಂತಿಜಾಲ ಇಲ್ಲದ್ದನ್ನು ಗಮನಿಸಿದ್ದೀರಾ? ಪಕ್ಕದ ಮೂರನೇ ಹಳಿಯೇ 750 ವೋಲ್ಟ್ ವಿದ್ಯುತ್ ಒದಗಿಸುತ್ತದೆ. ಹಾಗಾಗಿ ಎತ್ತರದ ದಾರಿಯುದ್ದಕ್ಕೂ ಆಕಾಶ ಬಯಲಾಗಿಯೇ ಉಳಿದಿದೆ. ನನಗಂತೂ ಅದೇ ಇದರ ಅಂದ.

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ ಶುರುವಾದ ಮಾರ್ಗ ಈಗ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಚಾಚಿದೆ. ಸಂಜೆ ನೂಕುನುಗ್ಗಲು ಇದ್ದದ್ದೇ. ಆದರೂ ‘ಇಷ್ಟು ಹೊತ್ತಿಗೆ ಮನೆಗೆ ಬರುತ್ತೇನೆ’ ಎಂದು ಬೆಂಗಳೂರಿನವರು ಧೈರ್ಯವಾಗಿ ಹೇಳುವಂತೆ ಮಾಡಿದ್ದು ಈ ರೈಲೇ.