ಮೂತಿ ಚಾಚದ ಕ್ಯಾಮೆರಾ

ಸೈಕಲ್ ಸವಾರಿಗೆ ಯಾವ ಪುಟ್ಟ ಕ್ಯಾಮೆರಾ ಒಯ್ಯಬೇಕು ಎಂದು ಬಲ್ಲವರನ್ನು ಕೇಳಿದರೆ ಹತ್ತು ಹನ್ನೆರಡು ವರ್ಷಗಳಿಂದ ಒಂದೇ ಉತ್ತರ ಬರುತ್ತಿದೆ: ಸೋನಿ ಆರ್‌ಎಕ್ಸ್100. ಇನ್ನೂ ಸ್ವಲ್ಪ ಪಳಗಿದವರಾದರೆ ರಿಕೋ ಜಿಆರ್ ಎನ್ನುತ್ತಾರೆ. ಈ ಎರಡು ಹೆಸರು ಹೇಳುವಾಗ ದನಿಗೆ ಒಂದು ಬಗೆಯ ಭಕ್ತಿ ಸೇರಿಕೊಳ್ಳುತ್ತದೆ. ಮೂರನೆಯದೊಂದು ಜಾತಿ ಇದೆ, ಒಲಿಂಪಸ್ ಟಫ್ ಟಿಜಿ ಸಾಲಿನ ನೀರು ಹೊಗದ ಕ್ಯಾಮೆರಾಗಳು. ಅವುಗಳ ಮಾತು ಬಂತೆಂದರೆ ‘ಅದು ಈಜುಕೊಳದಲ್ಲಿ ಮಕ್ಕಳ ಕೈಗೆ ಕೊಡುವಂಥದ್ದು’ ಎಂದು ಪಕ್ಕಕ್ಕೆ ಸರಿಸಿಬಿಡುತ್ತಾರೆ. ನಾನು ಮಂಗಳೂರಿನ ಕೂಳೂರಿನಿಂದ ಸವಾರಿ ಹೊರಡುವವನು. ಮೊದಲಿನ ಎರಡಕ್ಕೆ ಸಿಕ್ಕ ಕೀರ್ತಿ ಈ ಊರಿನ ಗಾಳಿಯಲ್ಲಿ ನಿಲ್ಲುವುದಿಲ್ಲ. ಮೂರನೆಯದಕ್ಕೆ ಅನ್ಯಾಯವಾಗಿದೆ.

2012ರ ಆರ್‌ಎಕ್ಸ್100 ಏನು ಸಾಧಿಸಿತೆಂದು ಮತ್ತೆ ವಿವರಿಸಬೇಕಾಗಿಲ್ಲ. ಅಂಗಿಯ ಜೇಬಿಗೆ ಇಳಿಯುವ 240 ಗ್ರಾಮಿನ ಪೆಟ್ಟಿಗೆಯೊಳಗೆ ಒಂದಿಂಚು ಎಂದು ಕರೆಯುವ, ನಿಜದಲ್ಲಿ 13.2 ಗುಣಿಸು 8.8 ಮಿಲಿಮೀಟರಿನ ಸೆನ್ಸರನ್ನು ಕೂರಿಸಿದ್ದು ದೊಡ್ಡ ಕೆಲಸವೇ. 2019ರ ಜಿಆರ್ 3 ಅದಕ್ಕಿಂತ ಮೂರು ಪಟ್ಟು ವಿಸ್ತಾರದ ಸೆನ್ಸರನ್ನು 257 ಗ್ರಾಮಿನಲ್ಲಿ ಕೊಟ್ಟಿತು. ಎರಡರ ಚಿತ್ರಗಳೂ ಚೆನ್ನ. ನನ್ನ ತಕರಾರು ಚಿತ್ರದ ಬಗ್ಗೆ ಅಲ್ಲ, ಚಿತ್ರ ತೆಗೆಯುವ ಮುಂಚಿನ ಮೂರು ಸೆಕೆಂಡಿನ ಬಗ್ಗೆ. ಆಮೇಲಿನ ಮೂರು ವರ್ಷಗಳ ಬಗ್ಗೆಯೂ ಹೌದು.

ಕೂಳೂರಿನ ಗಾಳಿ ಎಂಥದೆಂದು ಇಲ್ಲಿಯವರಿಗೆ ಗೊತ್ತು. ಒಂದು ಕಡೆ ಫಲ್ಗುಣಿ ನದಿ, ತಣ್ಣೀರುಬಾವಿಯ ತೆಳು ಮರಳುಪಟ್ಟಿಯ ಆಚೆಗೆ ಸಮುದ್ರ. ಉತ್ತರಕ್ಕೆ ಪಣಂಬೂರಿನ ಬಂದರು, ಅಲ್ಲಿಗೆ ಹೋಗಿಬರುವ ಲಾರಿಗಳು, ಅವು ಉದುರಿಸುವ ಕಲ್ಲಿದ್ದಲಿನ, ಅದಿರಿನ ಹುಡಿ. ಬೇಸಿಗೆಯಲ್ಲಿ ಹೆದ್ದಾರಿ 66ರ ಮೇಲೆ ಹತ್ತು ಕಿಲೋಮೀಟರ್ ತುಳಿದು ಬಂದು ಮುಖ ಒರೆಸಿದರೆ ಬಿಳಿ ಬಟ್ಟೆ ಕಪ್ಪಾಗುತ್ತದೆ. ಮಳೆಗಾಲದಲ್ಲಿ ಅದೇ ಹುಡಿ ಕೆಸರಾಗಿ ಚಕ್ರದಿಂದ ಬೆನ್ನಿಗೆ ಎರಚುತ್ತದೆ. ಸವಾರರು ಕ್ಯಾಮೆರಾ ಇಡುವ ಜಾಗವೂ ಬೆನ್ನೇ, ಜೆರ್ಸಿಯ ಹಿಂದಿನ ಜೇಬು. ಅಲ್ಲಿ ಮಳೆ ಇಲ್ಲದ ದಿನವೂ ನೀರಿರುತ್ತದೆ, ಬೆವರಿನ ಉಪ್ಪುನೀರು. ಈ ಜೇಬಿನಲ್ಲಿ ಒಂದು ವರ್ಷ ಬದುಕಬಲ್ಲದೇ ಎಂಬುದು ನನ್ನ ಮೊದಲ ಪರೀಕ್ಷೆ.

ಆರ್‌ಎಕ್ಸ್100 ಆಗಲಿ ಜಿಆರ್ ಆಗಲಿ ಸ್ವಿಚ್ ಒತ್ತಿದ ಕೂಡಲೇ ಮೂತಿ ಚಾಚುತ್ತದೆ. ಒಂದರೊಳಗೊಂದು ಸೇರಿದ ಕೊಳವೆಗಳು ಹೊರಗೆ ಬರುತ್ತವೆ, ಕೆಲಸ ಮುಗಿದ ಮೇಲೆ ಒಳಗೆ ಹೋಗುತ್ತವೆ. ಜೇಬಿನಲ್ಲಿ ಚಪ್ಪಟೆಯಾಗಿರಲು ಕಂಡುಕೊಂಡ ಉಪಾಯ ಇದು. ಇದರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ, ಯಾಕೆಂದರೆ ಇಡೀ ಪ್ರಶ್ನೆ ಇರುವುದು ಇಲ್ಲೇ. ಕೊಳವೆ ಹೊರಗೆ ಬಂದಾಗ ಕ್ಯಾಮೆರಾದ ಒಳಗಿನ ಟೊಳ್ಳು ದೊಡ್ಡದಾಗುತ್ತದೆ. ಆ ಟೊಳ್ಳನ್ನು ತುಂಬಲು ಹೊರಗಿನ ಗಾಳಿ ಒಳಗೆ ನುಗ್ಗಲೇಬೇಕು, ಮತ್ತು ಅದು ನುಗ್ಗುವುದು ಕೊಳವೆಗಳ ನಡುವಿನ ಕೂದಲೆಳೆಯ ಸಂದಿನಿಂದ. ಸೈಕಲ್ ಪಂಪಿನ ಹಿಡಿ ಎಳೆದಾಗ ಆಗುವುದೇ ಇಲ್ಲೂ ಆಗುತ್ತದೆ. ಒಂದು ಸವಾರಿಯಲ್ಲಿ ನಲವತ್ತು ಸಲ ಕ್ಯಾಮೆರಾ ತೆರೆದರೆ ನಲವತ್ತು ಸಲ ಬಂದರಿನ ಗಾಳಿಯನ್ನು ಸೆನ್ಸರಿನ ಎದುರಿಗೆ ಎಳೆದುಕೊಂಡಂತೆ. ಹೊರಬಂದ ಕೊಳವೆಯ ಮೈಗೆ ಹನಿ ಕೂತಿದ್ದರೆ ಮುಚ್ಚುವಾಗ ಆ ಹನಿಯೂ ಒಳಗೆ ಹೋಗುತ್ತದೆ. ತಡೆಯಲು ರಬ್ಬರಿನ ಬಿಗಿ ಪಟ್ಟಿ ಬೇಕು. ಎರಡರಲ್ಲೂ ಅದಿಲ್ಲ.

ಇದು ಬರೀ ತರ್ಕವಲ್ಲ. ಜಿಆರ್ 3ರಲ್ಲಿ ಸೆನ್ಸರನ್ನು ನಡುಗಿಸಿ ಧೂಳು ಕೊಡವುವ ವ್ಯವಸ್ಥೆಯನ್ನು ರಿಕೋ ಇಟ್ಟಿದೆ. ಲೆನ್ಸ್ ಕಳಚಿ ಬದಲಿಸುವ ಕ್ಯಾಮೆರಾಗಳಿಗೆ ಅದು ಬೇಕು, ಲೆನ್ಸ್ ತೆಗೆದಾಗ ಧೂಳು ಬೀಳುತ್ತದೆ. ಲೆನ್ಸ್ ಕಳಚಲು ಬಾರದ ಕ್ಯಾಮೆರಾಕ್ಕೆ ಅದೇಕೆ? ಧೂಳು ಒಳಗೆ ಬರುತ್ತದೆಂದು ತಯಾರಿಸಿದವರಿಗೇ ಗೊತ್ತಿದೆ. ಈ ಸೌಲಭ್ಯವನ್ನು ಗುಣಗಳ ಪಟ್ಟಿಯಲ್ಲಿ ಹೊಗಳುವ ವಿಮರ್ಶಕರು ಅದು ಯಾವ ದೋಷಕ್ಕೆ ಮದ್ದು ಎಂದು ಒಂದು ಸಾಲೂ ಬರೆಯುವುದಿಲ್ಲ. ನನ್ನಲ್ಲಿ ಮೊದಲಿದ್ದದ್ದು ಸೋನಿಯೂ ಅಲ್ಲ, ರಿಕೋವೂ ಅಲ್ಲ, ಮೂತಿ ಚಾಚುವ ಇನ್ನೊಂದು ಕಂಪನಿಯದು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಆಕಾಶದಲ್ಲಿ ಕಪ್ಪು ಚುಕ್ಕೆಗಳು ಶುರುವಾದವು. ಬಿಚ್ಚಿ ಶುಚಿ ಮಾಡಿಸಿದೆ. ಮುಂದಿನ ದೀಪಾವಳಿಗೆ ಚುಕ್ಕೆಗಳು ಮತ್ತೆ ಬಂದವು.

ಒಲಿಂಪಸ್ಸಿನ ಯೊಶಿಹಿಸಾ ಮೈತಾನಿ 1979ರಲ್ಲೇ ಈ ಪ್ರಶ್ನೆಯನ್ನು ಬಿಡಿಸಿದ್ದರು. ಅವರ ಎಕ್ಸ್‌ಎ ಫಿಲಂ ಕ್ಯಾಮೆರಾಕ್ಕೆ ಚೀಲ ಬೇಡ, ಲೆನ್ಸಿಗೆ ಮುಚ್ಚಳ ಬೇಡ. ಜಾರಿಸಿ ತೆರೆಯುವ ಒಂದು ಬಾಗಿಲು ಸಾಕು. 35 ಮಿಲಿಮೀಟರಿನ ಲೆನ್ಸ್ ಇದ್ದಲ್ಲೇ ಇರುತ್ತದೆ, ಫೋಕಸ್ ಮಾಡುವಾಗಲೂ ಹೊರಗೆ ಬರುವುದಿಲ್ಲ. ಜೇಬಿನಲ್ಲಿಡುವ ವಸ್ತುವಿನ ಮೈಯಲ್ಲಿ ಹೊರಗೆ ಬಂದು ಒಳಗೆ ಹೋಗುವ ಭಾಗ ಇರಬಾರದು ಎಂಬ ತಿಳಿವಳಿಕೆ ಆ ವಿನ್ಯಾಸದಲ್ಲಿದೆ. ಜೂಮ್ ಬಂದ ಮೇಲೆ ಆ ತಿಳಿವಳಿಕೆ ಮರೆಯಾಯಿತು. 2002ರಲ್ಲಿ ಮಿನೋಲ್ಟಾ ಡಿಮಾಜ್ ಎಕ್ಸ್ ಬೆಳಕನ್ನು ತೊಂಬತ್ತು ಡಿಗ್ರಿ ಮಡಚಿ, ಜೂಮನ್ನು ಪೆಟ್ಟಿಗೆಯ ಒಳಗೇ ಅಡ್ಡಡ್ಡ ಓಡುವಂತೆ ಮಾಡಿ ಹೊಸ ದಾರಿ ತೋರಿಸಿತು. ಟಿಜಿ ಸಾಲು ನಡೆದಿರುವುದು ಆ ದಾರಿಯಲ್ಲಿ. ಗಾಜಿನ ಕಿಟಕಿಯ ಹಿಂದೆ ಎಲ್ಲ ಚಲನೆ; ಹೊರಮೈ ಕಲ್ಲಿನಂತೆ ನಿಶ್ಚಲ. 15 ಮೀಟರ್ ನೀರಿನ ಅಡಿಯಲ್ಲೂ ಬದುಕುವುದು ಅದರಿಂದಲೇ. ನನಗೆ 15 ಮೀಟರ್ ಬೇಕಿಲ್ಲ. ಆಟಿ ತಿಂಗಳ ಮಳೆಯಲ್ಲಿ ಪಡುಬಿದ್ರಿಯಿಂದ ಮನೆಗೆ ಬರುವ ಎರಡು ಗಂಟೆ ಬೇಕು.

ಈಗ ಆ ಮೂರು ಸೆಕೆಂಡು. ಕೂಳೂರಿನ ಹಳೆಯ ಕಮಾನು ಸೇತುವೆ, 1952ರದ್ದು. ಬೆಳಿಗ್ಗೆ ಅದನ್ನು ದಾಟುವಾಗ ಕೆಳಗೆ ಸಣ್ಣ ದೋಣಿಯಲ್ಲಿ ಒಬ್ಬ ಮರುವಾಯಿ ಚಿಪ್ಪು ಹೆಕ್ಕುತ್ತಿರುತ್ತಾನೆ. ದೋಣಿ ಸರಿಯಾದ ಜಾಗಕ್ಕೆ ಬಂದು ದಾಟಿಹೋಗಲು ತುಂಬ ಹೊತ್ತು ಬೇಕಿಲ್ಲ. ಹಿಂದಿನಿಂದ ಟ್ಯಾಂಕರ್ ಬರುತ್ತಿದೆ, ಸೇತುವೆಯ ಮೇಲೆ ನಿಲ್ಲಲು ಸಿಗುವುದು ಅಂಚಿನ ಒಂದು ಮೊಳ ಜಾಗ. ಎಡಗೈ ಹ್ಯಾಂಡಲಿನಲ್ಲಿ, ಒಂದು ಕಾಲು ನೆಲದಲ್ಲಿ, ಬಲಗೈಯಲ್ಲಿ ಕ್ಯಾಮೆರಾ. ಕೈಗವಸು ತೆಗೆಯಲು ಸಮಯವಿಲ್ಲ. ಈ ಸ್ಥಿತಿಯಲ್ಲಿ ಸವಾರನಿಗೆ ಬೇಕಾದದ್ದು ದಡದ ತೆಂಗಿನ ಮರದಿಂದ ಎದುರಿನ ಕಟಾಂಜನದವರೆಗೆ ಎಲ್ಲವೂ ಸ್ಪಷ್ಟವಾಗಿರುವ ಒಂದು ಚಿತ್ರ, ಒಂದೇ ಒತ್ತಿಗೆ.

ರಿಕೋಗೆ ಇಲ್ಲಿ ಸಲ್ಲಬೇಕಾದ ಮೆಚ್ಚುಗೆ ಸಲ್ಲಿಸುತ್ತೇನೆ. ಅದು 0.8 ಸೆಕೆಂಡಿನಲ್ಲಿ ಸಿದ್ಧವಾಗುತ್ತದೆ. ಮೊದಲೇ ನಿಗದಿ ಮಾಡಿದ ದೂರಕ್ಕೆ ಫೋಕಸನ್ನು ಕೂರಿಸಿಬಿಡುವ ಅದರ ಸ್ನ್ಯಾಪ್ ಫೋಕಸ್ ಪುಟ್ಟ ಕ್ಯಾಮೆರಾಗಳಲ್ಲಿ ಬಂದ ಅತ್ಯಂತ ಬುದ್ಧಿವಂತ ಸೌಲಭ್ಯ. ಆದರೆ ಲೆಕ್ಕ ಹಾಕಿ ನೋಡಿ. ಜಿಆರ್ ಲೆನ್ಸನ್ನು ಎಫ್/5.6ಕ್ಕೆ ಕಿರಿದು ಮಾಡಿ ಎರಡೂವರೆ ಮೀಟರಿಗೆ ನಿಲ್ಲಿಸಿದರೆ ಸುಮಾರು ಒಂದೂವರೆ ಮೀಟರಿನಿಂದ ಹನ್ನೆರಡು ಮೀಟರಿನವರೆಗೆ ಸ್ಪಷ್ಟ. ದೋಣಿ ಅದರಾಚೆಗಿದೆ. ಟಿಜಿಯ ಲೆನ್ಸಿನ ನಿಜವಾದ ಫೋಕಲ್ ಉದ್ದ ಬರೀ 4.5 ಮಿಲಿಮೀಟರ್. ಅದನ್ನು ಪೂರ್ತಿ ತೆರೆದು, ಎಫ್/2ರಲ್ಲಿ, ಎರಡು ಮೀಟರಿಗೆ ಫೋಕಸ್ ಮಾಡಿದರೂ ಒಂದು ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಹಿಡಿತಕ್ಕೆ ಬರುತ್ತದೆ. ಸೆನ್ಸರ್ ಚಿಕ್ಕದು, ಹಿನ್ನೆಲೆ ಮಸುಕಾಗುವುದಿಲ್ಲ ಎಂದು ಎಲ್ಲರೂ ಮೂದಲಿಸುವ ಗುಣವೇ ಇದು. ಮದುವೆಯ ಚಿತ್ರ ತೆಗೆಯುವವರಿಗೆ ಅದು ಕೊರತೆ. ಒಂಟಿಕಾಲಿನಲ್ಲಿ ನಿಂತ ಸವಾರನಿಗೆ ಅದು ವರ.

ಚಿಕ್ಕ ಸೆನ್ಸರಿಗೆ ಬೆಳಕು ಸಾಲದು ಎಂಬ ಮಾತಿಗೂ ಉತ್ತರ ಆ ಎಫ್/2ರಲ್ಲೇ ಇದೆ. ಜುಲೈಯ ಮೋಡ ಕವಿದ ಎಂಟು ಗಂಟೆಗೂ ಎಫ್/2, ಐಎಸ್‌ಒ 100 ಇಟ್ಟರೆ ಸಾಧಾರಣವಾಗಿ ಸೆಕೆಂಡಿನ 250ನೇ ಒಂದು ಭಾಗದ ಶಟರ್ ಸಿಗುತ್ತದೆ. ಸೆನ್ಸರ್ ಚಿಕ್ಕದಾದ್ದರಿಂದ ಬರುವ ಕಾಳುಕಾಳು ಚುಕ್ಕೆಗಳ ಮಾತು ಅಲ್ಲಿ ಏಳುವುದೇ ಇಲ್ಲ.

ಹಾಗಾದರೆ ಈ ಕ್ಯಾಮೆರಾಕ್ಕೆ ಕೆಟ್ಟ ಹೆಸರು ಎಲ್ಲಿಂದ ಬಂತು? ಒಂದು ಮೂಲ ವಿಮರ್ಶಕರ ಅಭ್ಯಾಸ. ಅವರು ಕೋಣೆಯೊಳಗೆ ಪರೀಕ್ಷೆಯ ಹಾಳೆಗೆ ಎದುರಾಗಿ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಐಎಸ್‌ಒ 3200ರಲ್ಲಿ ತೆಗೆದ ಚಿತ್ರದ ಒಂದು ಮೂಲೆಯನ್ನು ನೂರು ಪ್ರತಿಶತ ಹಿಗ್ಗಿಸಿ ತೀರ್ಪು ಕೊಡುತ್ತಾರೆ. ಅವರ ಕ್ಯಾಮೆರಾ ಎಂದೂ ನೆನೆಯುವುದಿಲ್ಲ, ಎಂದೂ ಬೀಳುವುದಿಲ್ಲ, ಹದಿನೈದು ದಿನಕ್ಕೆ ಕಂಪನಿಗೆ ವಾಪಸು ಹೋಗುತ್ತದೆ. ಅವರು ಅಳೆದದ್ದು ಸುಳ್ಳಲ್ಲ, ಅಳೆಯಲು ಆರಿಸಿದ್ದು ತಪ್ಪು. ಟಿಜಿಯ 12 ಮೆಗಾಪಿಕ್ಸೆಲ್ ಚಿತ್ರವನ್ನು ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಿದರೆ ಹದಿಮೂರು ಇಂಚು ಅಗಲ ಬರುತ್ತದೆ. ಅದನ್ನು ಗೋಡೆಗೆ ತೂಗುಹಾಕಿ ಒಂದು ಮಾರು ದೂರದಿಂದ ನೋಡಿದ ವಿಮರ್ಶೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನೊಂದು ಮೂಲ ನಮ್ಮದೇ ನಾಡಿನದು, ಅದರೊಂದಿಗೆ ಜಗಳ ಕಷ್ಟ, ಯಾಕೆಂದರೆ ಅಲ್ಲಿ ನನಗೆ ಗೌರವವಿದೆ. ಕರ್ನಾಟಕದಲ್ಲಿ ಛಾಯಾಗ್ರಹಣದ ಕಲ್ಪನೆ ರೂಪುಗೊಂಡಿದ್ದು ಬಹುಮಟ್ಟಿಗೆ ಹಕ್ಕಿ ಮತ್ತು ಕಾಡಿನ ಚಿತ್ರಗಳಿಂದ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ಸಾಧನೆ, ಮೂಡಿಗೆರೆಯ ತೋಟದಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳಿಗಾಗಿ ಕಾದ ಕಾಯುವಿಕೆ, ಇವು ನಮಗೆ ಒಂದು ಪಾಠ ಕಲಿಸಿದವು: ಒಳ್ಳೆಯ ಚಿತ್ರವೆಂದರೆ ಉದ್ದ ಲೆನ್ಸ್, ಮೂರು ಕಾಲಿನ ಸ್ಟ್ಯಾಂಡ್, ಮರೆಯಲ್ಲಿ ಕೂತ ತಾಳ್ಮೆ. ಆ ಪಾಠ ಆ ಕೆಲಸಕ್ಕೆ ಸರಿ. ಆದರೆ ಅವರ ಹಿಂದೆ ಬಂದ ಸ್ಪರ್ಧೆಗಳ ತೀರ್ಪುಗಾರರು ಅದನ್ನೇ ಎಲ್ಲ ಚಿತ್ರಗಳ ಅಳತೆಗೋಲು ಮಾಡಿಕೊಂಡರು. ಯಾವ ಕ್ಯಾಮೆರಾ ಎಂದು ಮೊದಲು ಕೇಳುವುದು, ಚಿತ್ರ ಆಮೇಲೆ ನೋಡುವುದು ರೂಢಿಯಾಯಿತು. ಸವಾರ ಕಾಯುವವನಲ್ಲ, ಹಾದುಹೋಗುವವನು. ಅವನ ಎದುರಿಗೆ ಬರುವುದು ಎರಡನೆಯ ಸಲ ಬರುವುದಿಲ್ಲ. ಹಾದುಹೋಗುವವನ ಕಣ್ಣಿಗೆ ತನ್ನದೇ ಆದ ಒಂದು ಸೌಂದರ್ಯವಿದೆ ಎಂದು ಒಪ್ಪದ ವಿಮರ್ಶೆ ಅವನ ಕೈಯಲ್ಲಿನ ಸಾಧನವನ್ನು ಹೇಗೆ ತೂಗೀತು?

ಮೊಬೈಲೇ ಸಾಕು ಎನ್ನುವವರಿಗೆ ಚಿಕ್ಕ ಉತ್ತರ. ಒದ್ದೆ ಪರದೆ ಒದ್ದೆ ಬೆರಳನ್ನು ಗುರುತಿಸುವುದಿಲ್ಲ. ಮಳೆಹನಿಯನ್ನೇ ಬೆರಳೆಂದು ತಿಳಿಯುತ್ತದೆ. ಬೈಕಿನ ಹ್ಯಾಂಡಲಿಗೆ ಮೊಬೈಲ್ ಬಿಗಿಯುವವರು ಇನ್ನೊಂದು ಸಂಗತಿ ನೆನಪಿಡಬೇಕು: ಬಲವಾದ ಎಂಜಿನ್ನಿನ ನಡುಕ ಐಫೋನ್ ಕ್ಯಾಮೆರಾದ ಅಲುಗಾಟ ತಡೆಯುವ ವ್ಯವಸ್ಥೆಯನ್ನೂ ಫೋಕಸನ್ನೂ ಕೆಡಿಸಬಹುದೆಂದು 2021ರ ಸೆಪ್ಟೆಂಬರಿನಲ್ಲಿ ಆ್ಯಪಲ್ ತಾನೇ ಎಚ್ಚರಿಸಿತು. ಅದಕ್ಕಿಂತ ಮುಖ್ಯ, ಚಾರ್ಮಾಡಿ ಘಾಟಿಯಲ್ಲಿ ಸರಪಳಿ ತುಂಡಾದಾಗ ಮನೆಗೆ ಕರೆ ಮಾಡಬೇಕಾದ ಬ್ಯಾಟರಿ ಅದು.

ಟಿಜಿಯಲ್ಲಿ ಕುಂದುಗಳಿವೆ. ಬಿಳಿ ಮೋಡ ಬೇಗ ಸುಟ್ಟುಹೋಗುತ್ತದೆ. ಸೂರ್ಯ ಹುಟ್ಟುವ ಮುಂಚಿನ ಚಿತ್ರ ಸೊರಗುತ್ತದೆ, ಅಲ್ಲಿ ಆರ್‌ಎಕ್ಸ್100 ನಿಸ್ಸಂಶಯವಾಗಿ ಮೇಲು. ಶಟರ್ ವೇಗವನ್ನು ನಾವೇ ಆರಿಸುವ ಅವಕಾಶವಿಲ್ಲ, ಇದು ತಯಾರಕರ ಹಟಮಾರಿತನ, ಕ್ಷಮಿಸಲಾಗದು. ಕಿಟಕಿಯ ಗಾಜಿನ ಮೇಲೆ ಹನಿ ಕೂತರೆ ಚಿತ್ರದ ನಡುವೆ ಮಸುಕು. ಹೆಬ್ಬೆರಳಿನಿಂದ ಒರೆಸಬೇಡಿ, ಬೆವರಿನ ಜಿಡ್ಡು ಇನ್ನೂ ಕೆಡಿಸುತ್ತದೆ, ಹತ್ತಿಯ ಚೂರೊಂದನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಇಟ್ಟುಕೊಳ್ಳಿ. ಎ.ಸಿ. ಕೋಣೆಯಿಂದ ನೇರ ಹೊರಗೆ ತಂದರೆ ಯಾವ ಕ್ಯಾಮೆರಾವೂ ಮಂಜಾಗುತ್ತದೆ, ಇದೂ ಆಗುತ್ತದೆ.

ನನ್ನ ತೀರ್ಮಾನ ಇಷ್ಟು. ಬೆಂಗಳೂರಿನ ಒಣ ಹವೆಯಲ್ಲಿ ಸಂಜೆ ಪೇಟೆ ಸುತ್ತುವವರು ರಿಕೋ ಕೊಳ್ಳಲಿ. ಪ್ರವಾಸದಲ್ಲಿ ಕಾರಿನಿಂದ ಇಳಿದು ಚಿತ್ರ ತೆಗೆಯುವವರಿಗೆ ಆರ್‌ಎಕ್ಸ್100 ಸಾಕು. ಕರಾವಳಿಯಲ್ಲಿ ಎರಡು ಚಕ್ರದ ಮೇಲೆ ವರ್ಷದ ಹನ್ನೆರಡು ತಿಂಗಳೂ ತಿರುಗುವವರು ಟಿಜಿ ಕೊಳ್ಳಬೇಕು. 2023ರ ಟಿಜಿ-7 ಬೇಕೆಂದೇನಿಲ್ಲ. 2017ರ ಟಿಜಿ-5 ಅಥವಾ 2019ರ ಟಿಜಿ-6 ಯಾರಾದರೂ ಬಳಸಿ ಬಿಟ್ಟದ್ದು ಸಿಕ್ಕರೂ ಆದೀತು. ಹಾಗೆ ಕೊಂಡರೆ ಬ್ಯಾಟರಿಯ ಬಾಗಿಲು ತೆರೆದು ರಬ್ಬರ್ ಪಟ್ಟಿಯಲ್ಲಿ ಬಿರುಕು, ಮರಳಿನ ಕಾಳು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಆ ಪಟ್ಟಿಯನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ಮೇ ತಿಂಗಳು ಮುಗಿಯುವ ಮುಂಚೆ ಮಾಡಿಸಿಕೊಳ್ಳಿ. ಜೂನ್ ಮೊದಲ ವಾರಕ್ಕೆಲ್ಲ ಮಳೆ ಕೂಳೂರಿನಲ್ಲಿರುತ್ತದೆ.