ಎಂಟನೆಯ ದಿನ ಏನು ತಿಂದಿರಿ?

ದೀರ್ಘ ಉಪವಾಸದಿಂದ ಆರೋಗ್ಯ ಪಡೆದ ಕಥೆಗಳಿಗೆ ನಮ್ಮ ಬೀದರ್ ಜಿಲ್ಲೆಯಲ್ಲೀಗ ಹೇಳುವವರೂ ಹೆಚ್ಚು, ಕೇಳುವವರೂ ಹೆಚ್ಚು. ಬೀದರ್ ಕೋಟೆಯ ಕಡೆ ವಾಕಿಂಗ್ ಹೋಗುವವರ ನಡುವೆ, ಭಾಲ್ಕಿಯ ಚಹಾದಂಗಡಿಯಲ್ಲಿ, ಔರಾದಿನ ಮದುವೆ ಪಂಕ್ತಿಯಲ್ಲಿ (ಹೌದು, ಊಟದ ಪಂಕ್ತಿಯಲ್ಲೇ) ಮಾತು ಶುರುವಾಗುತ್ತದೆ: "ನಾ ಏಳು ದಿನ ಬರೇ ನೀರಿನ ಮ್ಯಾಲಿದ್ದೆ ನೋಡ್ರಿ." ಯಾರಿಂದ ಕೇಳಿದರೂ ಕಥೆಯ ನಡಿಗೆ ಒಂದೇ. ಮೊದಲೆರಡು ದಿನ ತಲೆನೋವು, ಮನೆಯವರ ಮೇಲೆ ಸಿಡುಕು. ಮೂರನೆಯ ದಿನಕ್ಕೆ ಹಸಿವು ಅಡಗುತ್ತದೆ. ಐದನೆಯ ದಿನ ಮೈ ಹಗುರ, ತಲೆ ತಿಳಿ. ಏಳನೆಯ ದಿನ ತಕ್ಕಡಿ ಐದು ಕಿಲೋ ಕಡಿಮೆ ತೋರಿಸುತ್ತದೆ, ಶುಗರ್ ಹದಕ್ಕೆ ಬಂದಿರುತ್ತದೆ, ಗುಳಿಗೆಗಳು ಕಸದ ಬುಟ್ಟಿ ಸೇರುತ್ತವೆ. ಅಲ್ಲಿಗೆ ಮಂಗಳ ಹಾಡಿಬಿಡುತ್ತಾರೆ. ಹೇಳುವವರು ಸುಳ್ಳು ಹೇಳುತ್ತಾರೆಂದು ನಾನು ಭಾವಿಸಿಲ್ಲ. ಆದರೆ ಕಥೆ ಮುಗಿಯಬಾರದ ಜಾಗದಲ್ಲಿ ಮುಗಿಯುತ್ತದೆ.

ಮೂರನೆಯ ದಿನದ ಮಾತು ನಿಜವೇ. ಊಟ ಬಿಟ್ಟ ಸುಮಾರು ಒಂದು ದಿನದಲ್ಲಿ ಪಿತ್ತಜನಕಾಂಗದಲ್ಲಿ ಕೂಡಿಟ್ಟ ಸಕ್ಕರೆ ತೀರುತ್ತದೆ. ಆಮೇಲೆ ದೇಹ ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ಇಂಧನ ಮಾಡಿಕೊಳ್ಳುತ್ತದೆ. ಮಿದುಳು ನಿಧಾನಕ್ಕೆ ಅದಕ್ಕೆ ಒಗ್ಗಿಕೊಳ್ಳುತ್ತದೆ. ಹಸಿವು ತಗ್ಗುವುದು, ಬಾಯಿ ಒಂದು ಬಗೆಯ ಹುಳಿವಾಸನೆ ಹೊಡೆಯುವುದು ಇದರಿಂದಲೇ. ತಕ್ಕಡಿಯ ಸಾಕ್ಷಿ ಮಾತ್ರ ನಂಬುವಂಥದ್ದಲ್ಲ. ಕೂಡಿಟ್ಟ ಸಕ್ಕರೆಯ ಜೊತೆ ಅದರ ಮೂರು ಪಟ್ಟು ತೂಕದ ನೀರೂ ಇರುತ್ತದೆ. ಸಕ್ಕರೆ ಕರಗಿದಾಗ ಆ ನೀರು ಹೋಗುತ್ತದೆ, ಬೆನ್ನಿಗೇ ಉಪ್ಪಿನಂಶವೂ ಹೋಗುತ್ತದೆ. ಮೊದಲ ವಾರದ ಐದು ಕಿಲೋದಲ್ಲಿ ದೊಡ್ಡ ಪಾಲು ಇದೇ. ಉಳಿದದ್ದರಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಇದೆ. ಎರಡು ಹೊತ್ತು ರೊಟ್ಟಿ ಉಂಡರೆ ನೀರು ಮರಳಿ ಬರುತ್ತದೆ. ಹಾಗೆ ಮರಳಿ ಬಂದ ತೂಕದ ಬಗ್ಗೆ ಯಾರೂ ಚಹಾ ಕುಡಿಯುತ್ತ ಮಾತಾಡುವುದಿಲ್ಲ.

ಈಚೆಗೆ ಕಥೆಗೆ ನೊಬೆಲ್ ಬಹುಮಾನದ ಮುದ್ರೆಯೂ ಬಿದ್ದಿದೆ. ಜೀವಕೋಶ ತನ್ನದೇ ಹಳೆಯ ಭಾಗಗಳನ್ನು ಅರಗಿಸಿಕೊಳ್ಳುವ 'ಆಟೋಫೇಜಿ'ಯ ಸಂಶೋಧನೆಗಾಗಿ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ಬಹುಮಾನ ಬಂತು. ಅವರು ಕೆಲಸ ಮಾಡಿದ್ದು ಯೀಸ್ಟ್ ಕೋಶಗಳ ಮೇಲೆ. ಬೀದರಿನ ಮನುಷ್ಯ ಎಷ್ಟು ದಿನ ಉಪವಾಸ ಇರಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಇನ್ನು ಆಂಗಸ್ ಬಾರ್ಬಿಯೇರಿ. ಸ್ಕಾಟ್ಲೆಂಡಿನ ಈ ತರುಣ 1965-66ರಲ್ಲಿ 382 ದಿನ ಊಟ ಬಿಟ್ಟು 207 ಕಿಲೋದಿಂದ 82 ಕಿಲೋಗೆ ಇಳಿದ. ಭಾಲ್ಕಿಯಲ್ಲೂ ಈ ಸಂಖ್ಯೆ ಬಾಯಿಪಾಠ ಇದ್ದವರಿದ್ದಾರೆ. ಡಂಡೀ ನಗರದ ಆಸ್ಪತ್ರೆಯ ವೈದ್ಯರು ಅವನ ರಕ್ತ, ಮೂತ್ರವನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದರು, ಜೀವಸತ್ವವನ್ನೂ ಬೇಕಾದಾಗ ಪೊಟ್ಯಾಸಿಯಂ, ಸೋಡಿಯಂಗಳನ್ನೂ ಕೊಟ್ಟಿದ್ದರು ಎಂಬ ಭಾಗ ಮಾತ್ರ ದಾರಿಯಲ್ಲಿ ಉದುರಿಹೋಗಿದೆ. ಅದೇ ದಶಕದಲ್ಲಿ ತೂಕ ಇಳಿಸಲೆಂದು ಉಪವಾಸಕ್ಕೆ ಹಚ್ಚಿದ ರೋಗಿಗಳಲ್ಲಿ ಕೆಲವರು ಸತ್ತದ್ದೂ ವೈದ್ಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಸತ್ತವರು ಅನುಭವ ಹೇಳಲು ಬರುವುದಿಲ್ಲವಾದ್ದರಿಂದ ನಮ್ಮ ಕಿವಿಗೆ ಬೀಳುವುದೆಲ್ಲ ಗೆದ್ದವರ ಕಥೆ.

ಗುಳಿಗೆಯ ವಿಷಯಕ್ಕೆ ಬಂದರೆ ನನಗೆ ತಾಳ್ಮೆ ಕಡಿಮೆ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಎಂದಿನಂತೆ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಪಾತಾಳಕ್ಕೆ ಇಳಿದು ಎಚ್ಚರ ತಪ್ಪಬಹುದು. ತಾವೇ ಎಲ್ಲವನ್ನೂ ನಿಲ್ಲಿಸಿದರೆ ಅಪಾಯ ಇನ್ನೊಂದು ಬಾಗಿಲಿನಿಂದ ಬರುತ್ತದೆ. ದೀರ್ಘ ಉಪವಾಸದಲ್ಲಿ ಯೂರಿಕ್ ಆಮ್ಲ ಏರಿ ಕಾಲ್ಬೆರಳು ಬಾತುಕೊಳ್ಳುವುದು, ಪಿತ್ತಕೋಶದಲ್ಲಿ ಕಲ್ಲಾಗುವುದು ಬೇರೆ. ಆದರೆ ಊಟ ತಗ್ಗಿಸಿ ಸಕ್ಕರೆ ಕಾಯಿಲೆಯನ್ನು ಹಿಮ್ಮೆಟ್ಟಿಸಬಹುದೆಂಬ ನಂಬಿಕೆ ಹುಸಿಯಲ್ಲ. ಬ್ರಿಟನ್ನಿನಲ್ಲಿ ರಾಯ್ ಟೇಲರ್, ಮೈಕ್ ಲೀನ್ ತಂಡ ನಡೆಸಿ 2017ರಲ್ಲಿ ಪ್ರಕಟಿಸಿದ ಡೈರೆಕ್ಟ್ ಅಧ್ಯಯನದಲ್ಲಿ, ಕಾಯಿಲೆ ಬಂದು ಆರು ವರ್ಷ ದಾಟದವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯಷ್ಟೇ ಕೊಟ್ಟರು. ವರ್ಷದ ಕೊನೆಗೆ ಶೇ 46ರಷ್ಟು ಜನರಿಗೆ ಮಾತ್ರೆ ಇಲ್ಲದೆಯೂ ಸಕ್ಕರೆ ಹತೋಟಿಯಲ್ಲಿತ್ತು, ಎರಡು ವರ್ಷಕ್ಕೆ ಅದು ಶೇ 36ಕ್ಕೆ ಇಳಿಯಿತು. ಅಲ್ಲೂ ಮಾತ್ರೆಗಳನ್ನು ಮೊದಲ ದಿನವೇ ನಿಲ್ಲಿಸಿದ್ದರು, ನಿಲ್ಲಿಸಿದ್ದು ವೈದ್ಯಕೀಯ ತಂಡ. ಎರಡು ವರ್ಷದ ಲೆಕ್ಕವನ್ನು ಮುಚ್ಚಿಡದೆ ಹೇಳಿದ್ದಾರೆ ಎಂಬುದಕ್ಕೇ ನನಗೆ ಅದರ ಮೇಲೆ ವಿಶ್ವಾಸ. ಜರ್ಮನಿಯ ಬುಕಿಂಗರ್ ಚಿಕಿತ್ಸಾಲಯ 2019ರಲ್ಲಿ 1,422 ಜನರ ಅನುಭವ ಪ್ರಕಟಿಸಿ ದೀರ್ಘ ಉಪವಾಸ ಸುರಕ್ಷಿತ ಎಂದಿತು. ಆದರೆ ಹೋಲಿಸಿ ನೋಡಲು ಉಪವಾಸ ಮಾಡದ ಗುಂಪು ಅದರಲ್ಲಿ ಇರಲಿಲ್ಲ. ಆ 'ಉಪವಾಸ'ದಲ್ಲೂ ದಿನಕ್ಕೆ 200ರಿಂದ 250 ಕ್ಯಾಲೊರಿಯ ಹಣ್ಣಿನ ರಸ, ತರಕಾರಿ ಸಾರು ಇತ್ತು.

ನಮ್ಮ ಕಡೆ ಉಪವಾಸ ಹೊಸದಲ್ಲ. ಶ್ರಾವಣ ಸೋಮವಾರದ ಒಪ್ಪತ್ತು, ಆಷಾಢ ಏಕಾದಶಿ, ತುಳಜಾಪುರದ ಭವಾನಿಯ ಹೆಸರಿನಲ್ಲಿ ಘಟ ಕೂಡಿಸಿ ಹಿಡಿಯುವ ನವರಾತ್ರಿಯ ಒಂಬತ್ತು ದಿನ, ರಂಜಾನಿನ ರೋಜಾ, ಜೈನ ಮನೆಗಳ ಪರ್ಯೂಷಣದ ಎಂಟು ದಿನ. ಇವೆಲ್ಲ ಆರೋಗ್ಯಕ್ಕೆ ಒಳ್ಳೆಯವೇ ಎಂದು ಕೇಳಿದರೆ ಸಾರಾಸಗಟು ಹೌದೆನ್ನಲಾರೆ. ಸಾಬೂದಾಣಿ ಖಿಚಡಿಗೆ ಶೇಂಗಾಪುಡಿ ಸುರಿದುಕೊಂಡು ಮಾಡುವ ಉಪವಾಸಕ್ಕೆ ನಮ್ಮ ಗಡಿಯ ಮರಾಠಿ ಗಾದೆಯೇ ತೀರ್ಪು ಕೊಟ್ಟಿದೆ: 'ಏಕಾದಶಿ, ದುಪ್ಪಟ್ ಖಾಶಿ' (ಏಕಾದಶಿಯೆಂದು ದುಪ್ಪಟ್ಟು ತಿನ್ನುತ್ತೀ). ಆದರೂ ಈ ಹಳೆಯ ಉಪವಾಸಗಳಿಗೆ ಕೊನೆಯ ದಿನ ಗೊತ್ತಿದೆ, ಬಿಡುವ ಕ್ರಮ ಗೊತ್ತಿದೆ. ಎಂಟು ದಿನದ ಉಪವಾಸವನ್ನು ಜೈನರು ಹೆಸರುಬೇಳೆ ನೀರಿನಂಥ ಹಗುರ ಆಹಾರದಿಂದ ಬಿಡುತ್ತಾರೆ. ರೋಜಾದಲ್ಲಿ ರೋಗಿಗೂ ಪ್ರಯಾಣಿಕನಿಗೂ ವಿನಾಯಿತಿ ಇದೆ. ಶುಗರ್ ಇರುವ ಎಷ್ಟೋ ಮಂದಿ ರಂಜಾನಿಗೆ ಮೊದಲೇ ಡಾಕ್ಟರ ಬಳಿ ಹೋಗಿ ಗುಳಿಗೆಯ ಹೊತ್ತು ಬದಲಾಯಿಸಿಕೊಳ್ಳುತ್ತಾರೆ.

ಹೊಸ ಕಥೆಗಳಲ್ಲಿ ಕಾಣೆಯಾಗಿರುವುದು ಉಪವಾಸ ಬಿಡುವ ಈ ಕ್ರಮವೇ. ಏಳು ದಿನ ಖಾಲಿ ಇದ್ದ ಹೊಟ್ಟೆಗೆ ಎಂಟನೆಯ ದಿನ ಹೋಳಿಗೆ-ತುಪ್ಪ ಇಳಿದರೆ ಇನ್ಸುಲಿನ್ ಒಮ್ಮೆಲೇ ಏರುತ್ತದೆ. ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕೋಶಗಳೊಳಗೆ ನುಗ್ಗಿ ರಕ್ತದಲ್ಲಿ ಕೊರತೆ ಬೀಳುತ್ತದೆ, ಹೃದಯದ ಬಡಿತ ತಾಳ ತಪ್ಪಬಹುದು. ಮೊದಲೇ ಸೊರಗಿದವರಿಗೆ, ಕುಡಿತದ ಚಟ ಇದ್ದವರಿಗೆ ಅಪಾಯ ಹೆಚ್ಚು. ಎರಡನೆಯ ಮಹಾಯುದ್ಧ ಮುಗಿದಾಗ ಹಸಿದು ಬದುಕಿ ಉಳಿದ ಕೈದಿಗಳಲ್ಲಿ ಕೆಲವರು ಊಟ ಸಿಕ್ಕ ಮೇಲೆ ಸತ್ತರು. 2016ರಲ್ಲಿ ಪಕ್ಕದ ಹೈದರಾಬಾದಿನಲ್ಲಿ 68 ದಿನ ವ್ರತದ ಉಪವಾಸ ಮಾಡಿದ್ದ ಬಾಲಕಿ, ಉಪವಾಸ ಮುಗಿಸಿದ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಅಲ್ಲಿ ಉದ್ದೇಶ ಆರೋಗ್ಯವಾಗಿರಲಿಲ್ಲ, ನಿಜ. ಆದರೆ ದೇಹ ಉದ್ದೇಶ ಕೇಳುವುದಿಲ್ಲ.

ಉಜಿರೆಯಲ್ಲಿ 1989ರಿಂದ ಪ್ರಕೃತಿ ಚಿಕಿತ್ಸೆಯ ಕಾಲೇಜು ಇದೆ, ಧರ್ಮಸ್ಥಳದಲ್ಲಿ ಶಾಂತಿವನ ಇದೆ. ಇಂಥ ಕಡೆ ಉಪವಾಸ ವೈದ್ಯರ ಕಣ್ಣೆದುರು ನಡೆಯುತ್ತದೆ, ರಸದಿಂದ ಗಂಜಿಗೆ, ಗಂಜಿಯಿಂದ ಊಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಅಲ್ಲಿಗೆ ಹೋಗಿ ಬಂದವರ ಕಥೆ ಕೇಳಿ ಮನೆಯಲ್ಲಿ ನಕಲು ಮಾಡುವವರು ಹಸಿವನ್ನಷ್ಟೇ ನಕಲು ಮಾಡುತ್ತಾರೆ.

ಆಮೇಲೆ ಸಂಖ್ಯೆಯ ಪೈಪೋಟಿ. ಒಬ್ಬರು ಏಳು ಎಂದರೆ ಮತ್ತೊಬ್ಬರು ಹನ್ನೊಂದು. ಬಸವಕಲ್ಯಾಣ ಇರುವ ಜಿಲ್ಲೆ ಇದು. ದೇಹ ದಂಡಿಸಿ ಹೆಚ್ಚುಗಾರಿಕೆ ಮೆರೆಸುವ ವ್ರತವನ್ನು ಹನ್ನೆರಡನೆಯ ಶತಮಾನದ ಶರಣರು ಇಲ್ಲೇ ನಿಂತು ಪ್ರಶ್ನಿಸಿದ್ದರು. ಅವರು ಎತ್ತಿ ಹಿಡಿದದ್ದು ಕಾಯಕವನ್ನು, ಹಂಚಿ ಉಣ್ಣುವ ದಾಸೋಹವನ್ನು. ಆ ವ್ರತದ ಜಂಬ ಈಗ ಡಿಜಿಟಲ್ ತಕ್ಕಡಿ ಏರಿ ನಿಂತಿದೆ ಎನಿಸುತ್ತದೆ ನನಗೆ.

ಈ ಕಥೆಗಳಲ್ಲಿ ಹೆಚ್ಚಿನವು ಗಂಡಸರವು, ಕುಳಿತು ಮಾಡುವ ನೌಕರಿಯವರವು ಎಂಬುದನ್ನೂ ಹೇಳಬೇಕು. ನವರಾತ್ರಿ ಬರುವ ಹೊತ್ತಿಗೆ ಔರಾದ್, ಭಾಲ್ಕಿ ತಾಲೂಕುಗಳಲ್ಲಿ ಸೋಯಾ ಕೊಯ್ಲು. ಒಂಬತ್ತು ದಿನದ ಉಪವಾಸ ಹಿಡಿದ ಹೆಣ್ಣುಮಕ್ಕಳು ಒಂದು ಹೊತ್ತಿನ ಫರಾಳ (ಉಪವಾಸದ ತಿಂಡಿ), ಎರಡು ಬಾರಿ ಚಹಾದ ಮೇಲೆ ಬಿಸಿಲಲ್ಲಿ ಬಗ್ಗಿ ಕೊಯ್ಯುತ್ತಾರೆ. ದುಡಿಯುತ್ತಲೇ ಹಸಿದಿರುವ ಅನುಭವ ಈ ಜಿಲ್ಲೆಯಲ್ಲಿ ಯಾರಿಗಾದರೂ ಇದ್ದರೆ ಅವರಿಗೆ. ಐದನೆಯ ದಿನ ಮೈ ಹಗುರಾಯಿತೋ ತಲೆ ತಿರುಗಿತೋ ಎಂದು ಅವರನ್ನು ಕೇಳಿದವರಿಲ್ಲ. ರಂಜಾನಿಗೆ ಮುಂಚೆ ಡಾಕ್ಟರನ್ನು ಕಾಣುವ ರೂಢಿ ಇರುವಂತೆ, ಘಟ ಕೂಡಿಸುವ ವಾರಕ್ಕೆ ಮುಂಚೆ ಆಶಾ ಕಾರ್ಯಕರ್ತೆಯರು ಇವರ ಮನೆಗೆ ಹೋಗಿ ರಕ್ತಹೀನತೆ ಇದೆಯೇ, ಗರ್ಭಿಣಿಯೇ, ಯಾವ ಗುಳಿಗೆ ನಡೆದಿದೆ ಎಂದು ವಿಚಾರಿಸುವ ಏರ್ಪಾಡಾಗಬೇಕು. ಮುಂದಿನ ನವರಾತ್ರಿಗೇ ಶುರು ಮಾಡಬಹುದಾದ ಕೆಲಸ ಇದು, ಇದಕ್ಕೆ ಜರ್ಮನಿಯ ಚಿಕಿತ್ಸಾಲಯವೇನೂ ಬೇಕಿಲ್ಲ.